ಬೆಳಗಾವಿ ಜಿಲ್ಲೆಗಿಂತ ಸಣ್ಣ ಆಕಾಶ

2025ರ ಜೂನ್ 23ರ ಸಂಜೆ ಕತಾರ್ ದೇಶ ತನ್ನ ಆಕಾಶದ ಬಾಗಿಲು ಹಾಕಿಕೊಂಡಿತು. ಆಗಿನ್ನೂ ಒಂದು ಕ್ಷಿಪಣಿಯೂ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ, ದೋಹಾ ಹೊರವಲಯದ ಅಲ್ ಉದೈದ್ ವಾಯುನೆಲೆಯಲ್ಲಿದ್ದ ಅಮೆರಿಕದ ಪಡೆಗಳ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಅದೇ ಹೊತ್ತಿನಲ್ಲಿ ದೋಹಾದತ್ತ ಬರುತ್ತಿದ್ದ ಕತಾರ್ ಏರ್‌ವೇಸ್‌ನ 90ಕ್ಕೂ ಹೆಚ್ಚು ವಿಮಾನಗಳು, ಅವುಗಳಲ್ಲಿದ್ದ 20 ಸಾವಿರಕ್ಕೂ ಹೆಚ್ಚು ಪ್ರಯಾಣಿಕರು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿಗೆ ತಿರುಗಬೇಕಾಯಿತು. ಬಹರೇನ್, ಕುವೈತ್ ಕೂಡ ಆಕಾಶ ಮುಚ್ಚಿದವು. ಕೆಲವು ವಿಮಾನ ಸೌದಿಗೆ ಹೋದವು, ಕೆಲವು ಟರ್ಕಿಗೆ, ಕೆಲವು ಒಮಾನಿಗೆ. 15 ವಿಮಾನ ಭಾರತದಲ್ಲಿ ಬಂದಿಳಿದವು. ಮಧ್ಯರಾತ್ರಿ ದಾಟಿದ ಮೇಲೆ ಬಾಗಿಲು ಮತ್ತೆ ತೆರೆಯಿತು.

ಆ ರಾತ್ರಿ ಯಾವ ವಿಮಾನಕ್ಕೂ ಏನೂ ಆಗಲಿಲ್ಲ. ಹಾಗಾಗಿ ಸುದ್ದಿಯೂ ಎರಡೇ ದಿನದಲ್ಲಿ ಹಳತಾಯಿತು. ಯುದ್ಧದ ಮಗ್ಗುಲಲ್ಲಿ ಹಾರುವ ವಿಮಾನಗಳ ಚರಿತ್ರೆ ಬಲ್ಲವರಿಗೆ ಮಾತ್ರ ಅದು ಅಪರೂಪದ ರಾತ್ರಿ. ಮುಚ್ಚಬೇಕಾದವರು ಮುಚ್ಚಬೇಕಾದ ಹೊತ್ತಿಗೆ ಮುಚ್ಚಿದ್ದರು.

ಕತಾರ್ ಎಷ್ಟು ದೊಡ್ಡದು? ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,415 ಚದರ ಕಿಲೋಮೀಟರ್. ಕತಾರ್ ಅದಕ್ಕಿಂತ ಸಣ್ಣದು, ಸುಮಾರು 11,500. ಲೆಬನಾನ್ ಇನ್ನೂ ಸಣ್ಣದು, 10,452. ಬಹರೇನ್ ಅಂತೂ ನಮ್ಮ ಒಂದು ತಾಲೂಕಿನಷ್ಟು. ಪೂರ್ವದಿಂದ ಪಶ್ಚಿಮಕ್ಕೆ ಕತಾರಿನ ಅಗಲ ಹೆಚ್ಚುಕಡಿಮೆ ನಿಪ್ಪಾಣಿಯಿಂದ ಬೆಳಗಾವಿಗೆ ಇರುವಷ್ಟೇ. ಆ ದಾರಿಯನ್ನು ಬಸ್ಸು ತಾಸು-ಒಂದೂವರೆ ತಾಸಿನಲ್ಲಿ ಮುಟ್ಟಿಸಿದರೆ, ಭೋಜ ಗ್ರಾಮದ ಕಬ್ಬಿನ ಹೊಲದಲ್ಲಿ ನಿಂತವರ ತಲೆಯ ಮೇಲೆ ಬಿಳಿ ಗೆರೆ ಎಳೆಯುತ್ತ ಹೋಗುವ ಜೆಟ್ ವಿಮಾನಕ್ಕೆ ಐದಾರು ನಿಮಿಷ ಸಾಕು. ಅಂದರೆ ಸಣ್ಣ ದೇಶದ ಆಕಾಶದಲ್ಲಿ ಪೈಲಟ್‌ಗೆ ಯೋಚನೆ ಮಾಡಲು ಸಿಗುವ ಸಮಯವೇ ಅಷ್ಟು. ಎಡಕ್ಕೆ ಹೊರಳಿದರೆ ಒಂದು ದೇಶ, ಬಲಕ್ಕೆ ಹೊರಳಿದರೆ ಇನ್ನೊಂದು. ಎರಡರಲ್ಲೂ ಅನುಮತಿ ಬೇಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು. ನೆಲದ ಗಡಿಯೂ ಆಕಾಶದ ಗಡಿಯೂ ಒಂದೇ ಆಗಿರಬೇಕೆಂದಿಲ್ಲ. ವಿಮಾನ ಸಂಚಾರದ ನಿಯಂತ್ರಣಕ್ಕಾಗಿ ಜಗತ್ತಿನ ಆಕಾಶವನ್ನು ವಲಯಗಳಾಗಿ ಹಂಚಿದ್ದಾರೆ. ಭಾರತದ್ದೇ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ಎಂಬ ನಾಲ್ಕು ದೊಡ್ಡ ವಲಯಗಳಿವೆ. ಕತಾರಿಗೆ 2022ರ ಸೆಪ್ಟೆಂಬರ್‌ವರೆಗೆ ಸ್ವಂತ ವಲಯವೇ ಇರಲಿಲ್ಲ, ಅದರ ಆಕಾಶ ನೋಡಿಕೊಳ್ಳುತ್ತಿದ್ದದ್ದು ಬಹರೇನ್. 2017ರಲ್ಲಿ ಸೌದಿ, ಯುಎಇ, ಬಹರೇನ್, ಈಜಿಪ್ಟ್ ಸೇರಿ ಕತಾರಿಗೆ ದಿಗ್ಬಂಧನ ಹಾಕಿದಾಗ ಅದರ ವಿಮಾನಗಳು ಇರಾನ್ ಆಕಾಶವನ್ನೇ ನೆಚ್ಚಿಕೊಳ್ಳಬೇಕಾಯಿತು. ನೆರೆಯವರು ಮುನಿಸಿಕೊಂಡರೆ ಸಣ್ಣ ದೇಶದ ವಿಮಾನಕ್ಕೆ ಮನೆಯಿಂದ ಹೊರಬೀಳಲೂ ದಾರಿ ಇರುವುದಿಲ್ಲ.

ಇಂಥದ್ದೊಂದು ಸಣ್ಣ ಆಕಾಶ ಬೆಳಗಾವಿಯ ಮಗ್ಗುಲಲ್ಲೇ ಇತ್ತು, ಗೋವಾದಲ್ಲಿ.

ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮೇಲೆ ಭಾರತ ಆರ್ಥಿಕ ದಿಗ್ಬಂಧನ ಹಾಕಿದಾಗ ಅವರು 1955ರಲ್ಲಿ ದಾಬೋಳಿಯಲ್ಲಿ ವಿಮಾನ ನಿಲ್ದಾಣ ತೆರೆದು, ಟಿಎಐಪಿ ಎಂಬ ವಿಮಾನ ಸಂಸ್ಥೆಯನ್ನು ಶುರು ಮಾಡಿದರು. ಅದು ದಮನ್, ದಿಯು, ಕರಾಚಿಗಳಿಗೆ ಹಾರುತ್ತಿತ್ತು. 1961ರ ಡಿಸೆಂಬರ್ ಹೊತ್ತಿಗೆ ಗೋವಾವನ್ನು ಬಿಡಿಸಿಕೊಳ್ಳಲು ಭಾರತೀಯ ಸೇನೆಯ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್ ಬೆಳಗಾವಿಯಲ್ಲಿ ಜಮಾಯಿಸಿತು. ವಾಯುಪಡೆಯ ವಿಮಾನಗಳು ಪುಣೆಯಲ್ಲೂ ಬೆಳಗಾವಿಯ ಸಾಂಬ್ರಾದಲ್ಲೂ ಸಜ್ಜಾಗಿ ನಿಂತವು. ವಾಯು ಕಾರ್ಯಾಚರಣೆಯ ಹೊಣೆ ಹೊತ್ತವರು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೊ. ಸಾಂಬ್ರಾದಿಂದ ದಾಬೋಳಿಗೆ ಗಾಳಿಯ ದಾರಿಯಲ್ಲಿ ಸುಮಾರು 100 ಕಿಲೋಮೀಟರ್. ಯುದ್ಧವಿಮಾನ ಮೇಲೇರಿ ನೆಟ್ಟಗಾಗುವಷ್ಟರಲ್ಲಿ ಗುರಿ ಕೆಳಗೇ ಇರುತ್ತದೆ.

ಡಿಸೆಂಬರ್ 18ರ ಬೆಳಿಗ್ಗೆ ವಿಂಗ್ ಕಮಾಂಡರ್ ಎನ್.ಬಿ. ಮೆನನ್ ಮುಂದಾಳಾಗಿದ್ದ 12 ಕ್ಯಾನ್‌ಬೆರಾ ವಿಮಾನಗಳು ದಾಬೋಳಿಯ ರನ್‌ವೇ ಮೇಲೆ 63 ಸಾವಿರ ಪೌಂಡ್ ಬಾಂಬು ಸುರಿದವು. ನಿಲ್ದಾಣದ ಕಟ್ಟಡಕ್ಕೆ ಕೈ ಹಚ್ಚಬಾರದೆಂದು ಅಪ್ಪಣೆಯಿತ್ತು. ನಿಲ್ದಾಣದ ಅಂಗಳದಲ್ಲಿ ಎರಡು ನಾಗರಿಕ ವಿಮಾನಗಳು ನಿಂತಿದ್ದವು, ಒಂದು ಸೂಪರ್ ಕಾನ್‌ಸ್ಟೆಲೇಷನ್, ಇನ್ನೊಂದು ಟಿಎಐಪಿಯ ಡಗ್ಲಸ್ ಡಿಸಿ-4. ಆಮೇಲೆ ಇಡಿಯಾಗಿ ಕೈಗೆ ಸಿಗಲಿ ಎಂದು ಅವನ್ನೂ ಮುಟ್ಟಲಿಲ್ಲ. ಅವು ಸಿಗಲೂ ಇಲ್ಲ. ಪೋರ್ಚುಗೀಸರು ಗುಂಡಿ ಮುಚ್ಚಿ ರನ್‌ವೇಯ ಒಂದು ತುಂಡನ್ನು ಹೇಗೋ ಸರಿಮಾಡಿಕೊಂಡರು. ಹೆಂಗಸರು ಮಕ್ಕಳನ್ನು ತುಂಬಿಕೊಂಡ ಎರಡೂ ವಿಮಾನಗಳು ರಾತ್ರಿ ಅದರ ಮೇಲಿಂದಲೇ ಎದ್ದು ಕರಾಚಿಯ ದಾರಿ ಹಿಡಿದವು. ಪೂರ್ತಿ ಉದ್ದದ ರನ್‌ವೇ ಬೇಡುವ ನಾಲ್ಕು ಎಂಜಿನ್ನಿನ ವಿಮಾನಗಳು, ಕೆಳಗೆ ಅರ್ಧಂಬರ್ಧ ದುರಸ್ತಿಯಾದ ನೆಲ, ಸುತ್ತ ಶತ್ರುವಿನ ವಾಯುಪಡೆ. ಅವು ಪಾರಾದದ್ದು ಪೈಲಟ್‌ಗಳ ಗಟ್ಟಿಗತನವೋ ಅದೃಷ್ಟವೋ, ಇಂಥ ಪ್ರಯಾಣವನ್ನು ವಿಮಾನಯಾನದ ಯಾವ ನಿಯಮವೂ ಒಪ್ಪುವುದಿಲ್ಲ.

ಅದೇ ಕಾರ್ಯಾಚರಣೆಯ ಇನ್ನೆರಡು ಸಣ್ಣ ಘಟನೆಗಳು ಈ ಲೇಖನದ ಮಟ್ಟಿಗೆ ಬಾಂಬು ದಾಳಿಗಿಂತ ಮುಖ್ಯ. ನಮ್ಮವೇ ಎರಡು ವ್ಯಾಂಪೈರ್ ವಿಮಾನಗಳು ನಮ್ಮದೇ ಸಿಖ್ ಲೈಟ್ ಇನ್‌ಫೆಂಟ್ರಿಯ ಮೇಲೆ ರಾಕೆಟ್ ಹಾರಿಸಿ ಇಬ್ಬರು ಸೈನಿಕರು ಗಾಯಗೊಂಡರು. ಮತ್ತೊಂದೆಡೆ ನಮ್ಮ ಪದಾತಿ ಸೈನಿಕರು ವಾಯುಪಡೆಯ ಟೆಕ್ಸನ್ ವಿಮಾನವನ್ನು ಶತ್ರುವಿನದೆಂದು ತಿಳಿದು ಗುಂಡು ಹಾರಿಸಿದರು. ಎದುರಾಳಿಗೆ ಒಂದೂ ಯುದ್ಧವಿಮಾನ ಇರದಿದ್ದ, ಎರಡು ದಿನಕ್ಕೇ ಮುಗಿದ ಯುದ್ಧದಲ್ಲಿ ಇಷ್ಟು ಗೊಂದಲ. 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಮ್‌ನಲ್ಲಿ ಇದೇ ತಪ್ಪು ದೊಡ್ಡದಾಗಿ ಮರುಕಳಿಸಿತು. ಪಾಕಿಸ್ತಾನದ ವಿಮಾನಗಳೊಡನೆ ಕಾಳಗ ನಡೆದಿದ್ದಾಗ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ಹೊಡೆದುರುಳಿಸಿತು. ವಾಯುಪಡೆಯ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕರೂ ಸತ್ತರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರಾಗಿದ್ದ ಆರ್.ಕೆ.ಎಸ್. ಭದೌರಿಯಾ ಒಪ್ಪಿಕೊಂಡರು.

ಸೈನಿಕ ತನ್ನವರನ್ನೇ ಗುರುತು ಹಿಡಿಯಲಾರದ ಕಡೆ, ನೂರಾರು ಜನರನ್ನು ಹೊತ್ತ ಪ್ರಯಾಣಿಕ ವಿಮಾನ ಎಷ್ಟರ ಮಟ್ಟಿಗೆ ಸುರಕ್ಷಿತ?

2020ರ ಜನವರಿ 8ರ ಬೆಳಗಿನ ಜಾವ ಇದಕ್ಕೆ ಉತ್ತರ ಸಿಕ್ಕಿತು. ಇರಾಕಿನಲ್ಲಿದ್ದ ಅಮೆರಿಕದ ನೆಲೆಗಳ ಮೇಲೆ ಇರಾನ್ ಕ್ಷಿಪಣಿ ಹಾರಿಸಿ ಕೆಲವೇ ತಾಸು ಕಳೆದಿತ್ತು. ಅಮೆರಿಕದಿಂದ ತಿರುಗೇಟು ಬಂದೇ ಬರುತ್ತದೆಂದು ತೆಹರಾನ್ ಸುತ್ತ ವಾಯುರಕ್ಷಣಾ ಪಡೆಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದವು. ವಿಮಾನ ನಿಲ್ದಾಣ ಮಾತ್ರ ತೆರೆದೇ ಇತ್ತು. ಉಕ್ರೇನ್ ಇಂಟರ್‌ನ್ಯಾಷನಲ್ ಏರ್‌ಲೈನ್ಸ್‌ನ ಪಿಎಸ್752 ವಿಮಾನ ಕೀವ್‌ಗೆಂದು ಮೇಲೇರಿತು. ಆ ರಾತ್ರಿ ಜಾಗ ಬದಲಿಸಿದ್ದ ಒಂದು ಕ್ಷಿಪಣಿ ಘಟಕದ ರೇಡಾರಿನಲ್ಲಿ ದಿಕ್ಕನ್ನು ಮತ್ತೆ ಹೊಂದಿಸುವುದು ಬಿಟ್ಟುಹೋಗಿತ್ತು. ಹಾಗಾಗಿ ಊರಿನಿಂದ ಹೊರಗೆ ಹೋಗುತ್ತಿದ್ದ ವಿಮಾನ ಪರದೆಯ ಮೇಲೆ ಊರಿನತ್ತ ಬರುತ್ತಿರುವಂತೆ ಕಂಡಿತು. ಘಟಕದವರು ಮೇಲಧಿಕಾರಿಗೆ ಸಂದೇಶ ಕಳಿಸಿದರು, ಸಂದೇಶ ಮುಟ್ಟಲಿಲ್ಲ. ಉತ್ತರಕ್ಕೆ ಕಾಯದೆ ಕ್ಷಿಪಣಿ ಹಾರಿಸಿದರು. ಸುಮಾರು 30 ಸೆಕೆಂಡಿಗೆ ಇನ್ನೊಂದು. ವಿಮಾನದಲ್ಲಿದ್ದ 176 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಮೂರು ದಿನ ಅಲ್ಲಗಳೆದು, ಜನವರಿ 11ರಂದು ಇರಾನ್ ತಪ್ಪೊಪ್ಪಿಕೊಂಡಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ಆಕಾಶದಲ್ಲಿ ಹಾರಬೇಡಿ ಎಂದು ಅಮೆರಿಕದ ವಿಮಾನಯಾನ ಇಲಾಖೆ ತನ್ನ ದೇಶದ ಕಂಪನಿಗಳಿಗೆ ಅಪಘಾತಕ್ಕೆ ಕೆಲವು ತಾಸು ಮೊದಲೇ ಹೇಳಿತ್ತು. ಅಪಾಯ ಎದುರಿಗಿದೆ ಎಂಬುದು ಇರಾನಿನ ಸೇನೆಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರದಿದ್ದದ್ದು ವಿಮಾನದಲ್ಲಿ ಕೂತವರಿಗೆ. ಇಂಥ ದುರಂತಗಳ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಮತ್ತೆ ಮತ್ತೆ ಕಾಣುವುದು ಇದೇ: ಸುದ್ದಿ ನೆಲದ ಮೇಲೆ ಯಾರದೋ ಮೇಜಿನ ಮೇಲಿರುತ್ತದೆ, ಕಾಕ್‌ಪಿಟ್ ಮುಟ್ಟುವುದಿಲ್ಲ.

1990ರ ಆಗಸ್ಟ್ 2ರಂದೂ ಹಾಗೇ ಆಯಿತು. ಲಂಡನ್ನಿನಿಂದ ಕುವೈತ್, ಮದ್ರಾಸು ಮಾರ್ಗವಾಗಿ ಕ್ವಾಲಾಲಂಪುರಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್‌ನ 149ನೇ ವಿಮಾನ ನಸುಕಿನಲ್ಲಿ ಕುವೈತಿನಲ್ಲಿ ಇಳಿಯಿತು. ಆಗ ಇರಾಕಿನ ಸೇನೆ ಗಡಿ ದಾಟಿ ಒಳಗೆ ಬರುತ್ತಿತ್ತು. ವಿಮಾನ ಮತ್ತೆ ಏಳಲೇ ಇಲ್ಲ. 367 ಪ್ರಯಾಣಿಕರು, 18 ಸಿಬ್ಬಂದಿ ಸದ್ದಾಂ ಹುಸೇನನ ಸೆರೆಯಾಳುಗಳಾದರು, ವಿಮಾನ ಅಲ್ಲೇ ಸುಟ್ಟುಹೋಯಿತು. ಆಕ್ರಮಣದ ಸುಳಿವನ್ನು ಬ್ರಿಟನ್ನಿನ ರಾಯಭಾರಿ ಆ ರಾತ್ರಿಯೇ ಲಂಡನ್ನಿಗೆ ತಿಳಿಸಿದ್ದರು, ಅದನ್ನು ವಿಮಾನ ಕಂಪನಿಗೆ ಹೇಳಿರಲಿಲ್ಲ ಎಂದು ಬ್ರಿಟಿಷ್ ಸರ್ಕಾರ ಒಪ್ಪಿಕೊಂಡದ್ದು 2021ರಲ್ಲಿ. ಮೂವತ್ತೊಂದು ವರ್ಷದ ಮೇಲೆ!

ಕುವೈತಿನ ಆಕಾಶ ಮುಚ್ಚಿತು, ದುಡಿಯಲು ಹೋಗಿದ್ದ ಭಾರತೀಯರು ಒಳಗೇ ಸಿಕ್ಕಿಕೊಂಡರು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಬಸ್ಸು, ಲಾರಿ ಹತ್ತಿ ಬಾಗ್ದಾದ್ ಮೂಲಕ ಮರಳುಗಾಡು ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದರೆ ಮಾತ್ರ ವಿಮಾನ. ಅಲ್ಲಿಂದ ಏರ್ ಇಂಡಿಯಾ ಎರಡು ತಿಂಗಳ ಕಾಲ ಹಾರಾಡಿ 1 ಲಕ್ಷಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ಕರೆತಂದಿತು. ಯುದ್ಧದ ಅಂಚಿನಲ್ಲಿದ್ದ ಒಂದು ಸಣ್ಣ ದೇಶ ತನ್ನ ಆಕಾಶ ತೆರೆದಿಟ್ಟುಕೊಂಡದ್ದರಿಂದಲೇ ಅದು ಸಾಧ್ಯವಾಯಿತು. ಆದ್ದರಿಂದ ಮುಚ್ಚುವುದೇ ಯಾವಾಗಲೂ ಜಾಣತನ ಎನ್ನಲಾಗದು. ಮುಚ್ಚಿದ ಬಾಗಿಲಿಗೆ ಬೆಲೆ ತೆರುವವರು ಬೇರೆಯೇ ಇರುತ್ತಾರೆ.

ಹಾವೇರಿ ಜಿಲ್ಲೆಯ ಚಳಗೇರಿಗೆ ಈ ಬೆಲೆ ಏನೆಂದು ಗೊತ್ತಿದೆ. 2022ರ ಫೆಬ್ರುವರಿ 24ರಂದು ರಷ್ಯಾ ದಾಳಿ ಮಾಡಿದ ಕೂಡಲೇ ಉಕ್ರೇನ್ ಆಕಾಶ ಮುಚ್ಚಿತು. ನಮ್ಮ ವಿದ್ಯಾರ್ಥಿಗಳನ್ನು ಕರೆತರಲು ದೆಹಲಿಯಿಂದ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ಬರಿಗೈಲಿ ತಿರುಗಿತು. ನೆರೆಯ ಪುಟ್ಟ ಮಾಲ್ಡೋವಾ ಕೂಡ ಅದೇ ದಿನ ತನ್ನ ಆಕಾಶ ಮುಚ್ಚಿತು. ಬೆಳಗಾವಿ, ವಿಜಯಪುರ, ಹಾವೇರಿ ಕಡೆಯ ಮಕ್ಕಳು ರೈಲು, ಬಸ್ಸು, ಕಾಲ್ನಡಿಗೆಯಲ್ಲಿ ರುಮೇನಿಯಾ, ಹಂಗೆರಿ, ಪೋಲೆಂಡ್ ಗಡಿ ಮುಟ್ಟಿ ‘ಆಪರೇಷನ್ ಗಂಗಾ’ದ ವಿಮಾನ ಹತ್ತಬೇಕಾಯಿತು. ಖಾರ್ಕಿವ್‌ನಲ್ಲಿ ಓದುತ್ತಿದ್ದ ಚಳಗೇರಿಯ ನವೀನ್ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದರು. ಪಾರ್ಥಿವ ಶರೀರ ಬೆಂಗಳೂರು ತಲುಪಿದ್ದು ಮಾರ್ಚ್ 21ರಂದು.

ಹಾಗಿದ್ದರೂ ಉಕ್ರೇನ್ ಅಂದು ತಡಮಾಡದೆ ಮುಚ್ಚಿದ್ದಕ್ಕೆ ಕಾರಣವಿತ್ತು. ಎಂಟು ವರ್ಷ ಹಿಂದೆ, 2014ರಲ್ಲಿ, ಅದು ಅರ್ಧ ಮಾತ್ರ ಮುಚ್ಚಿತ್ತು. ದೇಶದ ಪೂರ್ವಭಾಗದ ಕಾಳಗದಲ್ಲಿ ಸೇನಾ ವಿಮಾನಗಳು ಒಂದೊಂದಾಗಿ ಉರುಳುತ್ತಿದ್ದಾಗ 32 ಸಾವಿರ ಅಡಿಗಿಂತ ಕೆಳಗೆ ಹಾರಬಾರದೆಂದು ಅಪ್ಪಣೆಯಾಯಿತು. ಜುಲೈ 17ರಂದು ಮಲೇಷ್ಯಾದ ಎಂಎಚ್17 ವಿಮಾನ 33 ಸಾವಿರ ಅಡಿಯಲ್ಲಿ ಹಾರುತ್ತಿತ್ತು. ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಅದನ್ನು ಹೊಡೆದುರುಳಿಸಿದ ‘ಬುಕ್’ ಕ್ಷಿಪಣಿಗೆ ಒಂದು ಸಾವಿರ ಅಡಿ ಹೆಚ್ಚೇನೂ ಅಲ್ಲ. 298 ಜನ ಸತ್ತರು. ಆ ದಿನ ಅದೇ ಆಕಾಶವನ್ನು 160 ವಿಮಾನಗಳು ಬಳಸಿದ್ದವು, ಎಂಎಚ್17 ಉರುಳಿದಾಗ ಏರ್ ಇಂಡಿಯಾದ ದೆಹಲಿ-ಬರ್ಮಿಂಗ್‌ಹ್ಯಾಮ್ ವಿಮಾನವೂ ಅಲ್ಲೇ ಸಮೀಪದಲ್ಲಿ ಹಾರುತ್ತಿತ್ತು. ಮುಚ್ಚಲು ಉಕ್ರೇನಿಗೆ ಸಾಕಷ್ಟು ಕಾರಣವಿತ್ತು ಎಂದು ಡಚ್ ಸುರಕ್ಷತಾ ಮಂಡಳಿ ತನ್ನ ವರದಿಯಲ್ಲಿ ಹೇಳಿತು. ಯುದ್ಧದಲ್ಲಿರುವ ದೇಶಗಳು ತಾವಾಗಿ ಆಕಾಶ ಮುಚ್ಚುವುದು ಬಲು ಅಪರೂಪವೆಂದೂ ಹೇಳಿತು.

ಏಕೆ ಮುಚ್ಚುವುದಿಲ್ಲ? ಮೊದಲ ಕಾರಣ ದುಡ್ಡು. ಮೇಲೆ ಹಾರುವ ಪ್ರತಿ ವಿಮಾನವೂ ಕೆಳಗಿನ ದೇಶಕ್ಕೆ ಶುಲ್ಕ ಕಟ್ಟುತ್ತದೆ, ಸಣ್ಣ ದೇಶಕ್ಕೆ ಅದು ಕಡಿಮೆ ವರಮಾನವೇನಲ್ಲ. ಎರಡನೆಯದು ಮರ್ಯಾದೆ. ಆಕಾಶ ಮುಚ್ಚಿದರೆ ನಮ್ಮ ನೆಲ ನಮ್ಮ ಹಿಡಿತದಲ್ಲಿಲ್ಲ ಎಂದು ಜಗತ್ತಿಗೆ ಸಾರಿದಂತೆ. ಇನ್ನು ಹೊರಗಿನವರು ಮುಚ್ಚಿಸುವಂತಿಲ್ಲ. 1944ರ ಶಿಕಾಗೊ ಒಪ್ಪಂದದ ಪ್ರಕಾರ ತನ್ನ ಆಕಾಶಕ್ಕೆ ಆಯಾ ದೇಶವೇ ಒಡೆಯ. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಕಾವೊ ಸಲಹೆ ಕೊಡಬಹುದು, ಬೀಗ ಹಾಕಲಾರದು.

ಕ್ಷಿಪಣಿಗಿಂತ ಹೆಚ್ಚು ದೂರ ಹಬ್ಬುವ ಇನ್ನೊಂದು ಪೀಡೆ ಈಗ ಬಂದಿದೆ. ಡ್ರೋನುಗಳ ದಾರಿ ತಪ್ಪಿಸಲು ಸೇನೆಗಳು ಜಿಪಿಎಸ್ ಸಂಕೇತವನ್ನು ಅಡಗಿಸುತ್ತವೆ, ಇಲ್ಲವೇ ಸುಳ್ಳು ಸಂಕೇತ ಬಿಡುತ್ತವೆ. ಸಂಕೇತ ಅಡಗಿದರೆ ಪೈಲಟ್‌ಗೆ ತಿಳಿಯುತ್ತದೆ, ಬೇರೆ ಉಪಕರಣ ನೋಡಿಕೊಂಡು ಹೋಗುತ್ತಾನೆ. ಸುಳ್ಳು ಸಂಕೇತ ಹಾಗಲ್ಲ. ಎಲ್ಲವೂ ಸರಿಯಾಗಿರುವಂತೆ ತೋರುತ್ತಲೇ ನಕ್ಷೆಯ ಮೇಲೆ ವಿಮಾನ ಬೇರೆಲ್ಲೋ ಇರುತ್ತದೆ. ಗಡಿಯಾರ ಹಿಂದೆಮುಂದೆ ಓಡುತ್ತದೆ. 35 ಸಾವಿರ ಅಡಿ ಎತ್ತರದಲ್ಲಿ ಹಾಯಾಗಿ ಹೋಗುತ್ತಿರುವಾಗ ‘ನೆಲ ಹತ್ತಿರ ಬಂತು, ಮೇಲೇಳು’ ಎಂದು ಯಂತ್ರ ಅರಚುತ್ತದೆ. ಮತ್ತೆ ಮತ್ತೆ ಸುಳ್ಳು ಕೂಗು ಕೇಳಿ ರೋಸಿದ ಪೈಲಟ್ ಅದನ್ನು ಅಲಕ್ಷಿಸಲು ಕಲಿಯುತ್ತಾನೆ, ಮುಂದೊಂದು ದಿನ ಬೆಟ್ಟದ ಸೀಮೆಯಲ್ಲಿ ಇಳಿಯುವಾಗ ನಿಜವಾದ ಕೂಗನ್ನೂ ಅಲಕ್ಷಿಸಿದರೆ? ಸುರಕ್ಷತಾ ತಜ್ಞರನ್ನು ಕಾಡುತ್ತಿರುವ ಪ್ರಶ್ನೆ ಇದೇ. ಬೈರೂತಿನ ಸುತ್ತ, ಇರಾಕ್ ಮೇಲೆ, ಕಪ್ಪು ಸಮುದ್ರದ ಬಳಿ ಇದು ನಿತ್ಯದ ಮಾತು. ನಮ್ಮಲ್ಲೂ ಇದೆ: 2023ರ ನವೆಂಬರಿನಿಂದ 2025ರ ಫೆಬ್ರುವರಿವರೆಗೆ ಅಮೃತಸರ, ಜಮ್ಮು ಗಡಿಭಾಗದಲ್ಲಿ ಇಂಥ 465 ಪ್ರಕರಣ ವರದಿಯಾಗಿವೆ ಎಂದು ಸರ್ಕಾರವೇ ಲೋಕಸಭೆಗೆ ತಿಳಿಸಿತು.

ಜಿಪಿಎಸ್ ಕಾಟವೂ ಕ್ಷಿಪಣಿಯೂ ಕೂಡಿ ಬಂದದ್ದು 2024ರ ಡಿಸೆಂಬರ್ 25ರಂದು. ಬಾಕುವಿನಿಂದ ರಷ್ಯಾದ ಗ್ರೋಜ್ನಿಗೆ ಹೊರಟ ಅಜರ್‌ಬೈಜಾನ್ ಏರ್‌ಲೈನ್ಸ್ ವಿಮಾನಕ್ಕೆ ಅಲ್ಲಿ ಜಿಪಿಎಸ್ ಸಿಗಲಿಲ್ಲ. ಉಕ್ರೇನಿನ ಡ್ರೋನುಗಳ ಬೆನ್ನುಹತ್ತಿದ್ದ ರಷ್ಯಾದ ಕ್ಷಿಪಣಿ ಪಕ್ಕದಲ್ಲೇ ಸಿಡಿಯಿತು. ಹಾನಿಗೊಂಡ ವಿಮಾನ ಕ್ಯಾಸ್ಪಿಯನ್ ಸಮುದ್ರ ದಾಟಿ ಕಜಕಸ್ತಾನದ ಅಕ್ತಾವ್ ಬಳಿ ಅಪ್ಪಳಿಸಿತು. 67 ಜನರಲ್ಲಿ 38 ಮಂದಿ ಸತ್ತರು. ರಷ್ಯಾದ ಆಕಾಶ ಪಾಶ್ಚಾತ್ಯ ಕಂಪನಿಗಳಿಗೆ ಮುಚ್ಚಿರುವುದರಿಂದ, ಇರಾನ್ ನಂಬುವಂತಿಲ್ಲವಾದ್ದರಿಂದ ಯುರೋಪು-ಏಷ್ಯಾ ನಡುವಿನ ಎಷ್ಟೋ ವಿಮಾನಗಳು ಇದೇ ಅಜರ್‌ಬೈಜಾನ್, ಜಾರ್ಜಿಯಾಗಳ ಕಿರಿದಾದ ಓಣಿಯಲ್ಲಿ ನುಗ್ಗುತ್ತಿವೆ. ಒಂದು ಕಡೆ ಮುಚ್ಚಿದರೆ ದಟ್ಟಣೆ ಇನ್ನೊಂದು ಸಣ್ಣ ದೇಶದ ತಲೆಯ ಮೇಲೆ ಬೀಳುತ್ತದೆ.

ದೊಡ್ಡ ದೇಶವಾದ ಭಾರತಕ್ಕೂ ಗಡಿಯಲ್ಲಿ ಇಕ್ಕಟ್ಟು ತಪ್ಪಿದ್ದಲ್ಲ. 2025ರ ಮೇ 9ರಂದು, ಪಾಕಿಸ್ತಾನದೊಡನೆ ಕದನ ನಡೆದಿದ್ದಾಗ, ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರ ಜೊತೆಗಿದ್ದವರು ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ ಕರ್ನಲ್ ಸೋಫಿಯಾ ಕುರೇಷಿ, ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್. ಡ್ರೋನು ಹಾರಿಸುವಾಗಲೂ ಪಾಕಿಸ್ತಾನ ತನ್ನ ನಾಗರಿಕ ಆಕಾಶ ಮುಚ್ಚಿಲ್ಲ, ಪ್ರಯಾಣಿಕ ವಿಮಾನಗಳನ್ನೇ ಗುರಾಣಿ ಮಾಡಿಕೊಂಡಿದೆ ಎಂಬುದು ಅಂದಿನ ಗಂಭೀರ ಆರೋಪಗಳಲ್ಲೊಂದು. ಭಾರತ ಶ್ರೀನಗರದಿಂದ ಪೋರಬಂದರದವರೆಗೆ 32 ನಿಲ್ದಾಣಗಳನ್ನು ಮುಚ್ಚಿ ಮೇ 12ರಂದು ತೆರೆಯಿತು. ಕದನ ನಿಂತರೂ ಎರಡೂ ದೇಶಗಳ ಆಕಾಶ ಪರಸ್ಪರರಿಗೆ ಮುಚ್ಚಿಯೇ ಇತ್ತು. ಮೇ 21ರಂದು 220ಕ್ಕೂ ಹೆಚ್ಚು ಪ್ರಯಾಣಿಕರಿದ್ದ ಇಂಡಿಗೊದ ದೆಹಲಿ-ಶ್ರೀನಗರ ವಿಮಾನ ಆಲಿಕಲ್ಲಿನ ಬಿರುಗಾಳಿಗೆ ಸಿಕ್ಕಿತು. ಗಡಿಯತ್ತ ಹೊರಳಲು ಪೈಲಟ್ ಕೇಳಿದರೆ ನಮ್ಮ ವಾಯುಪಡೆಯ ನಿಯಂತ್ರಣ ಕೇಂದ್ರ ಒಪ್ಪಲಿಲ್ಲ. ಲಾಹೋರನ್ನು ಕೇಳಿದರೆ ಅವರೂ ಒಪ್ಪಲಿಲ್ಲ. ವಿಮಾನ ಮೋಡದೊಳಗೇ ನುಗ್ಗಿ, ಮೂತಿ ಜಜ್ಜಿಸಿಕೊಂಡು ಶ್ರೀನಗರದಲ್ಲಿ ಇಳಿಯಿತು.

ಮೂರು ವಾರದಲ್ಲಿ, ಜೂನ್ 13ರಂದು, ಇಸ್ರೇಲ್-ಇರಾನ್ ಕದನ ಹೊತ್ತಿಕೊಂಡಾಗ ಲಂಡನ್ನಿನಿಂದ ಬೆಂಗಳೂರಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನವನ್ನು ಶಾರ್ಜಾಕ್ಕೆ ತಿರುಗಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಪ್ರಯಾಣಿಕರಿಗೆ ಸಿಗುವುದೇನೆಂಬುದು ಟಿಕೆಟ್ ಕೊಳ್ಳುವಾಗ ಯಾರ ತಲೆಗೂ ಹೊಳೆಯುವುದಿಲ್ಲ. ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ನಿಯಮದ ಪ್ರಕಾರ ಯುದ್ಧ, ದಂಗೆ, ಸರ್ಕಾರಿ ಅಪ್ಪಣೆಗಳಿಂದ ವಿಮಾನ ರದ್ದಾದರೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಬೇರೆ ವಿಮಾನದಲ್ಲಿ ಕಳಿಸಬೇಕು, ಇಲ್ಲವೇ ಟಿಕೆಟಿನ ಹಣ ಮರಳಿಸಬೇಕು, ಅಷ್ಟೇ. ಪ್ರಯಾಣ ವಿಮೆ ಇದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರು ಪಾಲಿಸಿಯ ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಬಹಳಷ್ಟು ಪಾಲಿಸಿಗಳು ಯುದ್ಧದ ನಷ್ಟವನ್ನು ಹೊರಗಿಟ್ಟಿರುತ್ತವೆ. ಕೊಲ್ಲಿಗೆ, ಯುರೋಪಿಗೆ ಮಕ್ಕಳನ್ನು ಕಳಿಸುವ ಚಿಕ್ಕೋಡಿ, ಅಥಣಿ, ರಾಯಬಾಗದ ಮನೆಯವರು ದರದ ಜೊತೆಗೆ ವಿಮಾನ ಎಲ್ಲಿ ಬದಲಿಸಬೇಕು, ಯಾವ ದೇಶದ ಮೇಲೆ ಹಾದುಹೋಗುತ್ತದೆ ಎಂದೂ ಏಜೆಂಟರನ್ನು ಕೇಳಬಹುದು. ವಿಮಾನಗಳ ಜಾಡು ತೋರಿಸುವ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ, ಹಿಂದಿನ ದಿನ ಅದೇ ವಿಮಾನ ಯಾವ ದಾರಿ ಹಿಡಿದಿತ್ತೆಂಬುದನ್ನು ಅದರಲ್ಲಿ ನೋಡಬಹುದು.